ನೂರಮ್ಮ ಕೊಡದ ರಕ್ತ

ರಕ್ತ ತೆಗೆಯೋದು ನನ್ನ ಕಸುಬು. ಸೂಜಿ ಕಂಡ್ರೆ ಮುಖ ಆ ಕಡೆ ತಿರುಗಿಸೋ ಗಂಡಸರನ್ನ, ಬಿಟ್ಬಿಡಿ ತಾಯಿ ಅಂತ ಕೈ ಮುಗಿಯೋ ಮುದುಕರನ್ನ ಬೇಕಾದಷ್ಟು ನೋಡಿದೀನಿ. ತಾನಾಗೇ ತೋಳು ಚಾಚ್ಕೊಂಡು ನನ್ನ ಹಿಂದೆ ಬಿದ್ದೋರು ಮಾತ್ರ ಒಬ್ರೇ. ಭದ್ರಾವತಿ ಓಲ್ಡ್ ಟೌನಿನ ನೂರ್‌ಜಹಾನ್ ಬೀ. ಓಣಿಯವರಿಗೆಲ್ಲ ಅವರು ನೂರಮ್ಮ. ಆ ಹೆಂಗಸಿನ ಬಗ್ಗೆ ಯಾರಿಗಾದ್ರೂ ಹೇಳದೇ ಇದ್ರೆ ನನಗೆ ಸಮಾಧಾನ ಇಲ್ಲ, ಅದಕ್ಕೇ ಹೇಳ್ತಿದೀನಿ.

ಮೊದಲು ನನ್ನ ಪರಿಚಯ. ನಾನು ಪುಷ್ಪಮ್ಮ, ಲ್ಯಾಬ್ ಟೆಕ್ನಿಷಿಯನ್ನು. ಹುಟ್ಟಿ ಬೆಳೆದಿದ್ದು ನ್ಯೂ ಟೌನಿನ ಕ್ವಾರ್ಟರ್ಸಿನಲ್ಲಿ, ಈಗ ಮನೆ ಇರೋದು ಜನ್ನಾಪುರದಲ್ಲಿ. ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತೆ ಅಂತ ನನ್ನ ಗಂಡ ಹೇಳ್ತಾರೆ. ಹೇಳ್ಲಿ ಬಿಡಿ. ಮೆತ್ತಗೆ ಮಾತಾಡಿದ್ರೆ ಯಾರೂ ತೋಳು ಕೊಡಲ್ಲ.

ಕೊರೋನದ ಮೊದಲ ಅಲೆ ಇಳಿದ ಮೇಲೆ, ಜನವರಿಯಲ್ಲಿ, ನಮ್ಮನ್ನ ಒಂದು ಸರ್ವೆಗೆ ಹಾಕಿದ್ರು. ಊರಲ್ಲಿ ನಿಜವಾಗ್ಲೂ ಎಷ್ಟು ಜನಕ್ಕೆ ಸೋಂಕು ಬಂದು ಹೋಗಿದೆ ಅಂತ ಅಂದಾಜು ಮಾಡೋ ಸರ್ವೆ. ಜ್ವರ ಬಂದು ಆಸ್ಪತ್ರೆ ಸೇರಿದೋರ ಲೆಕ್ಕ ಇತ್ತು. ಬಂದಿದ್ದೇ ಗೊತ್ತಾಗದೆ ಟೀ ಕುಡ್ಕೊಂಡು, ವ್ಯಾಪಾರ ಮಾಡ್ಕೊಂಡು ಓಡಾಡ್ತಿದ್ದೋರ ಲೆಕ್ಕ ಯಾರ ಹತ್ರಾನೂ ಇರಲಿಲ್ಲ. ಸೋಂಕು ಬಂದು ಹೋದ್ರೆ ಅದರ ಗುರುತು ರಕ್ತದಲ್ಲಿ ಕೆಲವು ತಿಂಗಳಾದ್ರೂ ಉಳಿದಿರುತ್ತೆ. ಅದನ್ನ ಹುಡುಕೋದೇ ನಮ್ಮ ಕೆಲಸ.

ಶಿವಮೊಗ್ಗದಲ್ಲಿ ನಮ್ಮನ್ನೆಲ್ಲ ಕೂರಿಸ್ಕೊಂಡು ಡಾಕ್ಟ್ರು ಮಧುಸೂದನ ಅವರು ಒಂದೇ ಮಾತನ್ನ ತಿರುಗಿ ತಿರುಗಿ ಹೇಳಿದ್ರು. ಯಾರ ರಕ್ತ ಬೇಕು ಅಂತ ನೀವೂ ಆರಿಸಬಾರದು, ಕೊಡೋರೂ ಆರಿಸಬಾರದು. ಅನುಮಾನ ಇದ್ದೋರೇ ಮುಂದೆ ಬರ್ತಾರೆ, ಅವರನ್ನೇ ತಗೊಂಡ್ರೆ ಊರಿಗೆ ಊರೇ ಕಾಯಿಲೆ ಬಿದ್ದಿತ್ತು ಅಂತ ಲೆಕ್ಕ ಬರುತ್ತೆ. ಹಾಗಾಗಿ ಓಣಿ ತುದಿಯಿಂದ ಎಣಿಸ್ಕೊಂಡು ಹತ್ತು ಮನೆಗೆ ಒಂದು ಮನೆ. ಅಲ್ಲಿ ಬೀಗ ಇದ್ರೆ ಅದರ ಪಕ್ಕದ್ದು. ಮನೆಯಲ್ಲಿ ದೊಡ್ಡವರ ಹೆಸರೆಲ್ಲ ಚೀಟಿ ಬರೆದು ಒಂದು ಲೋಟಕ್ಕೆ ಹಾಕಿ, ಒಂದು ಎತ್ತೋದು. ಬಂದ ಹೆಸರಿನವರ ರಕ್ತ ಮಾತ್ರ.

ಕೇಳೋಕೆ ಸುಲಭ. ಮಾಡೋಕೆ ಹೋದ್ರೆ ಪ್ರತಿ ಮನೆಯಲ್ಲೂ ಒಂದು ನಾಟಕ. ದುಡಿಯೋ ಮಗನ ಹೆಸರು ಬಂದ್ರೆ ತಾಯಿ ಅಡ್ಡ ಬಂದು, ಅವನು ಕೆಲಸಕ್ಕೆ ಹೋಗ್ಬೇಕು, ನನ್ನದು ತಗೊಳ್ಳಿ ಅನ್ನೋಳು. ರವಿಶಂಕರ ಅಂತ ಒಬ್ಬ ಕಿರಾಣಿ ಅಂಗಡಿಯವನು ತನ್ನ ಚೀಟಿ ಬಂದ ಕೂಡ್ಲೇ ಹೆಂಡ್ತಿನ ಮುಂದೆ ತಳ್ಳಿ, ಇವಳ ರಕ್ತ ಚೆನ್ನಾಗಿದೆ ಮೇಡಂ, ನೋಡಿ ಎಷ್ಟು ದಪ್ಪ ಇದಾಳೆ ಅಂದ. ಯಪ್ಪಾ, ನಾನೇನು ಬಕೆಟ್ ತಂದಿದೀನಾ ಅಂತ ಕೇಳ್ದೆ. ಆಮೇಲೆ ತೆಪ್ಪಗೆ ಕೂತ.

ಹೀಗೆ ಎಲ್ಲರೂ ತಪ್ಪಿಸ್ಕೊಳ್ತಿರುವಾಗ, ಮಸೀದಿ ಹಿಂದಿನ ಓಣಿಯಲ್ಲಿ ಒಬ್ಬ ಮುದುಕಿ ನಮ್ಮ ಜೊತೆ ಜೊತೆಗೇ ನಡ್ಕೊಂಡು ಬರೋಕೆ ಶುರು ಮಾಡಿದ್ರು. ತಲೆ ಮೇಲೆ ಬಿಳಿ ಸೆರಗು, ಉದ್ದನೆ ಕೈಗಳು. ನಾವು ಒಂದು ಮನೆಯಿಂದ ಹೊರಗೆ ಬಂದ್ರೆ ಬಾಗಿಲಲ್ಲಿ ನಿಂತಿರೋರು.

"ಮೇಡಂ, ನನ್ನ ರಕ್ತ ತಗೊಳ್ಳಿ."

"ನಿಮ್ಮ ಮನೆ ಬಂದಿಲ್ಲಮ್ಮ."

"ಬಂದಿಲ್ಲ ಅಂದ್ರೆ ನಾನೇ ಬಂದಿದೀನಲ್ಲ. ತಗೊಳ್ಳಿ."

ಮಾರನೇ ದಿನಾನೂ ಬಂದ್ರು. ನನಗೆ ರೇಗಿ ಹೋಯ್ತು. ಇದು ಕ್ಲಿನಿಕ್ ಅಲ್ಲಮ್ಮ, ಕೇಳಿದೋರಿಗೆಲ್ಲ ಮಾಡೋಕೆ, ಲೆಕ್ಕ ಕೆಡುತ್ತೆ, ಮನೆಗೆ ಹೋಗಿ ಅಂತ ಗದರಿಸಿದೆ. ಅವರು ಜಗಳ ಆಡಲಿಲ್ಲ. ಸೆರಗು ಸರಿ ಮಾಡ್ಕೊಂಡು ಗೋಡೆ ಬದಿಗೆ ನಿಂತ್ರು. ನಾವು ಮುಂದೆ ಹೋದ ಮೇಲೆ ನನ್ನ ಜೊತೆಗಿದ್ದ ಆಶಾ ಕಾರ್ಯಕರ್ತೆ ಕಲ್ಲಮ್ಮ ನನ್ನ ತೋಳು ಹಿಡಿದು ನಿಲ್ಲಿಸಿದಳು. "ಅಕ್ಕ, ಆಯಮ್ಮನ್ನ ಬೈಬೇಡಿ. ಅವರ ಕತೆ ನಿಮಗೆ ಗೊತ್ತಿಲ್ಲ" ಅಂದಳು. ಆ ಓಣಿ ಕಲ್ಲಮ್ಮಂದೇ, ಅಲ್ಲಿ ಅವಳಿಗೆ ಗೊತ್ತಿಲ್ಲದ ಮನೆ ಇಲ್ಲ.

ನೂರಮ್ಮ ತರೀಕೆರೆ ಕಡೆಯಿಂದ ಸೊಸೆಯಾಗಿ ಬಂದೋರು. ಗಂಡ ಅಸದುಲ್ಲಾ ಲಾರಿ ಮೆಕ್ಯಾನಿಕ್ಕು, ತೀರಿಹೋಗಿ ಬಹಳ ವರ್ಷ ಆಗಿದೆ. ಅತ್ತೆಯಿಂದ ನೂರಮ್ಮಂಗೆ ಬಂದಿದ್ದು ಒಂದು ಕೆಲಸ. ಮುಸಲ್ಮಾನರಲ್ಲಿ ಯಾರಾದ್ರೂ ತೀರಿಕೊಂಡ್ರೆ ಮಣ್ಣಿಗೆ ಒಯ್ಯೋ ಮುಂಚೆ ಕೊನೆ ಸ್ನಾನ ಮಾಡಿಸ್ತಾರೆ, ಗುಸುಲ್ ಅಂತಾರೆ. ಹೆಂಗಸರಿಗೆ ಹೆಂಗಸರೇ ಮಾಡಿಸ್ಬೇಕು. ಬೋರೆ ಎಲೆ ಹಾಕಿ ಕಾಯಿಸಿದ ನೀರು, ಕೊನೆಗೆ ಕರ್ಪೂರ, ಮೈ ಮೇಲೊಂದು ಬಟ್ಟೆ ಹೊದಿಸಿ ಅದರ ಅಡಿಯಲ್ಲೇ ತೊಳೀಬೇಕು. ಬಲಗಡೆ ಮೊದಲು, ಆಮೇಲೆ ಎಡಗಡೆ. ಮೊದಲ ಸಲ ಮಾಡಿದಾಗ ನೂರಮ್ಮಂಗೆ ಮೂರು ದಿನ ಅನ್ನ ಸೇರಲಿಲ್ಲವಂತೆ. ಆಮೇಲೆ ಆ ಮೊಹಲ್ಲಾದ ಹೆಂಗಸರು ತೀರಿಹೋದಾಗೆಲ್ಲ ಅವರನ್ನೇ ಕರೆಯೋರು. ನೀರು ತೀರಾ ಬಿಸಿ ಇದ್ರೆ ಬೇಡ ಅನ್ನೋರಂತೆ. ಸತ್ತೋರಿಗೆ ಏನು ಬಿಸಿ ಅಂತ ಯಾರೋ ಕೇಳಿದ್ದಕ್ಕೆ, ನನಗೆ ಗೊತ್ತಾಗುತ್ತಲ್ಲ ಅಂದಿದ್ರಂತೆ.

ಹಿಂದಿನ ವರ್ಷ ಜುಲೈ ಕೊನೆಗೆ ಪಕ್ಕದ ಓಣಿಯಲ್ಲಿ ಒಬ್ಬ ಹೆಂಗಸು ಮನೆಯಲ್ಲೇ ಜ್ವರದಿಂದ ತೀರಿಕೊಂಡರು. ಟೆಸ್ಟು ಗಿಸ್ಟು ಏನೂ ಆಗಿರಲಿಲ್ಲ. ಕೊರೋನ ಅಂತ ಗುಸುಗುಸು ಎದ್ದು, ಹತ್ತಿರದ ನೆಂಟರೇ ಬಾಗಿಲ ಒಳಗೆ ಕಾಲಿಡಲಿಲ್ಲ. ನೂರಮ್ಮ ಹೋದ್ರು. ಒಬ್ರೇ ಸ್ನಾನ ಮಾಡಿಸಿ ಕಫನ್ ಬಟ್ಟೆ ಸುತ್ತಿ ಕಳಿಸಿ, ಮನೆಗೆ ಬಂದು ಹಿತ್ತಿಲಲ್ಲೇ ತಲೆಗೆ ನೀರು ಹಾಕ್ಕೊಂಡು ಬಟ್ಟೆಗಳನ್ನ ಸೋಪಿನ ನೀರಲ್ಲಿ ನೆನೆಸಿಟ್ರು. ನಾನೇ ಒಗೀತೀನಿ ಅಂದಿದ್ರಂತೆ. ಅವರು ಸುಸ್ತಾಗಿ ಮಲಗಿದ್ದಾಗ ಸೊಸೆ ಅಲ್ಮಾಸ್ ಹೋಗಿ ಒಗೆದು ಹಾಕಿಬಿಟ್ಟಳು. ಒಳ್ಳೆ ಹುಡುಗಿ, ಚಿಕ್ಕಂದಿನಿಂದ ಉಬ್ಬಸ. ಎರಡೇ ದಿನಕ್ಕೆ ಅವಳಿಗೆ ಜ್ವರ ಬಂತು, ಉಸಿರು ಸಿಕ್ಕಲಿಲ್ಲ, ಆಸ್ಪತ್ರೆಗೆ ಹೋದೋಳು ವಾಪಸ್ಸು ಬರಲಿಲ್ಲ. ಆಗಿನ ನಿಯಮದಂತೆ ಶವಾನ ಮನೆಗೆ ಕೊಡಲಿಲ್ಲ. ಊರ ಹೆಂಗಸರಿಗೆಲ್ಲ ನೀರು ಹಾಕಿದ ಕೈಗೆ ಸ್ವಂತ ಸೊಸೆಗೆ ನೀರು ಹಾಕೋಕೆ ಆಗಲಿಲ್ಲ.

"ಅವತ್ತಿಂದ ಮಗ ತೌಹೀದ್ ತಾಯಿ ಜೊತೆ ಮಾತು ಬಿಟ್ಟಿದಾನೆ" ಅಂದಳು ಕಲ್ಲಮ್ಮ. "ಹೆಣ ಮುಟ್ಟಿ ಬಂದು ಮನೆಗೆ ಕಾಯಿಲೆ ತಂದಳು ಅಂತ. ಒಂದೇ ಸೂರಿನಡಿ ಇದ್ದಾನೆ, ಅವರ ಕೈಯಿಂದ ಒಂದು ಲೋಟ ನೀರು ಕುಡಿಯಲ್ಲ. ಹೋಟ್ಲಲ್ಲಿ ತಿಂದು ಬರ್ತಾನೆ. ಓಣಿಯವರೂ ಅದನ್ನೇ ಅಂತಾರೆ. ನೂರಮ್ಮಂಗೆ ಒಂದು ದಿನ ಜ್ವರ ಬರಲಿಲ್ಲ, ಕೆಮ್ಮು ಬರಲಿಲ್ಲ. ರಕ್ತದಲ್ಲಿ ಇಲ್ಲ ಅಂತ ಬಂದ್ರೆ ತಾನು ತಂದಿಲ್ಲ ಅಂತ ಆಗುತ್ತಲ್ಲ ಅಂತ ಆಸೆ."

ನನಗೆ ಸಂಕಟ ಆಯ್ತು. ಗದರಿಸಿದ್ದು ನೆನಪಾಗಿ ಇನ್ನೂ ಸಂಕಟ ಆಯ್ತು. ಆದ್ರೆ ನಿಯಮ ನಿಯಮವೇ.

ಮೂರನೇ ದಿನ ಎಣಿಸ್ಕೊಂಡು ಹೋದಾಗ ಹತ್ತನೇ ಮನೆಗೆ ಬೀಗ. ಮನೆಯವರು ದಾವಣಗೆರೆಗೆ ಮದುವೆಗೆ ಹೋಗಿದ್ರು. ನಿಯಮದ ಪ್ರಕಾರ ಪಕ್ಕದ ಮನೆ. ಅದು ನೂರಮ್ಮಂದು. ಕಲ್ಲಮ್ಮ ನನ್ನ ಮುಖ ನೋಡಿದಳು. ದೇವರು ಇದ್ದಾನೆ ಅಂತ ನಾನೂ ಅಂದ್ಕೊಂಡೆ.

ನೂರಮ್ಮ ಚಾಪೆ ಹಾಸಿ, ತೋಳು ಮಡಿಸಿ ಕೂತೇಬಿಟ್ರು. ತೌಹೀದ್ ಮನೇಲೇ ಇದ್ದ. ಮೂವತ್ತರ ಆಸುಪಾಸಿನವನು, ತರಕಾರಿ ಸಾಗಿಸೋ ಟೆಂಪೋ ಓಡಿಸ್ತಾನೆ. ಮನೆಯಲ್ಲಿ ದೊಡ್ಡವರು ಇಬ್ಬರೇ. ಕಲ್ಲಮ್ಮ ಎರಡು ಚೀಟಿ ಬರೆದು ಲೋಟಕ್ಕೆ ಹಾಕಿ ಕುಲುಕಿದಳು. ನಾನು ಕಣ್ಣು ಮುಚ್ಚಿ ಎತ್ತಿದೆ. ತೌಹೀದ್ ಅಂತ ಬಂತು.

"ನಂದು ಯಾಕೆ?" ಅಂದ ಅವನು. "ಅವರದ್ದು ತಗೊಳ್ಳಿ. ಯಾರು ತಂದಿದ್ದು ಅಂತ ಗೊತ್ತಾಗ್ಲಿ." ಅಮ್ಮಿ ಅಂತ ಕೂಡ ಅನ್ನಲಿಲ್ಲ.

ಆಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಚೀಟಿ ನಿನ್ನ ಹೆಸರಿಗೆ ಬಂದಿದೆ, ಕೂತ್ಕೋ ಅಂದೆ. ನನ್ನ ಸಿಟ್ಟು ಅವನ ಮೇಲೋ, ಚೀಟಿ ಮೇಲೋ ನನಗೇ ಗೊತ್ತಿರಲಿಲ್ಲ. ನೂರಮ್ಮ ಮಡಿಸಿದ ತೋಳನ್ನ ಮೆಲ್ಲಗೆ ಕೆಳಗೆ ಇಳಿಸ್ಕೊಂಡ್ರು. ಅದನ್ನ ನೋಡೋಕೆ ಆಗಲಿಲ್ಲ ನನಗೆ.

ರಕ್ತ ತೆಗೆಯೋ ಮುಂಚೆ ಕೆಲವು ಪ್ರಶ್ನೆ ಕೇಳೋದಿರುತ್ತೆ. ಜ್ವರ ಬಂದಿತ್ತಾ? ಇಲ್ಲ. ಕೆಮ್ಮು? ಇಲ್ಲ. ಯಾವಾಗಾದ್ರೂ ಬಾಯಿ ರುಚಿ, ಮೂಗಿನ ವಾಸನೆ ಹೋಗಿತ್ತಾ? ಇಲ್ಲ, ನನಗೇನೂ ಆಗಿಲ್ಲ ಅಂದ ತೌಹೀದ್. ಗೋಡೆಗೆ ಒರಗಿದ್ದ ನೂರಮ್ಮ ಒಂದು ಸಲ ಮಗನ ಕಡೆ ನೋಡಿದ್ರು. ಏನೋ ಹೇಳೋಕೆ ಬಾಯಿ ತೆಗೆದು, ಸೆರಗನ್ನ ಬಾಯಿಗೆ ಒತ್ತಿಕೊಂಡ್ರು. ಆವಾಗ ನನಗೆ ಅರ್ಥ ಆಗಲಿಲ್ಲ. ನಾವು ಹೊರಡುವಾಗ, ನನ್ನ ರಕ್ತ ತಗೊಳ್ಳಿ ಅಂತ ಅವರು ಕೇಳಲಿಲ್ಲ.

ಫೆಬ್ರವರಿಯಲ್ಲಿ ಫಲಿತಾಂಶ ಬಂತು. ರಕ್ತ ಕೊಟ್ಟೋರಿಗೆ ಅವರವರದ್ದು ತಿಳಿಸೋ ಕೆಲಸಾನೂ ನಮ್ಮದೇ. ನಾನೊಬ್ಳೇ ಹೋದೆ. ತೌಹೀದ್ ಟೆಂಪೋಗೆ ಡೀಸೆಲ್ ಹಾಕ್ಸೋಕೆ ಹೋಗಿದ್ದ. ನೂರಮ್ಮ ನನ್ನನ್ನ ಒಳಗೆ ಕೂರಿಸಿ, ಬಾಗಿಲು ಅರ್ಧ ಮುಂದೆ ಮಾಡಿ, ಎದುರಿಗೆ ಕೂತ್ರು.

"ಬೇಟಿ, ಬಾಯಿ ರುಚಿ ಹೋಗೋದು ಈ ಕಾಯಿಲೆಯಲ್ಲೇ ಅಲ್ವಾ?"

"ಹೂಂ. ಬೇರೆ ಏನೂ ಇಲ್ಲದೆ ಅದೊಂದೇ ಆಗೋದೂ ಉಂಟು."

ಅವರು ನನ್ನ ಹತ್ತಿರಕ್ಕೆ ಸರಿದು ಕೂತ್ರು. ಆಮೇಲೆ ಹೇಳಿದ್ರು. ಜುಲೈನಲ್ಲಿ ತೌಹೀದ್ ಹುಬ್ಬಳ್ಳಿಗೆ ಲೋಡ್ ಹಾಕ್ಕೊಂಡು ಹೋಗಿ ಬಂದಿದ್ದ. ಬಂದು ಸ್ವಲ್ಪ ದಿನಕ್ಕೆ ಊಟಕ್ಕೆ ಕೂತೋನು, ಸಾರಿಗೆ ಉಪ್ಪೇ ಇಲ್ಲ ಅಂತ ಹೆಂಡ್ತಿ ಮೇಲೆ ರೇಗಾಡಿದ. ಅವಳು ಉಪ್ಪು ಹಾಕಿದಳು. ಇನ್ನೂ ಇಲ್ಲ ಅಂದ. ಮತ್ತೆ ಹಾಕಿದಳು. ತಟ್ಟೆ ತಳ್ಳಿ ಎದ್ದು ಹೋದ. ಅಲ್ಮಾಸ್ ಒಲೆ ಮುಂದೆ ಕೂತು ಅತ್ತಳು.

"ನಾನು ಆ ಸಾರು ಬಾಯಿಗೆ ಹಾಕ್ಕೊಂಡು ನೋಡಿದೆ. ನುಂಗೋಕೆ ಆಗಲಿಲ್ಲ, ಅಷ್ಟು ಉಪ್ಪು. ಗಂಡ ಹೆಂಡ್ತಿ ಜಗಳ ಅಂದ್ಕೊಂಡು ಮರೆತುಬಿಟ್ಟೆ. ನೀವು ಆವತ್ತು ರುಚಿ ಹೋಗಿತ್ತಾ ಅಂತ ಕೇಳಿದಾಗ ನೆನಪಾಯ್ತು." ಅವರ ದನಿ ಸಣ್ಣಗಾಯ್ತು. "ನಾನು ಆ ಗುಸುಲಿಗೆ ಹೋಗಿದ್ದು ಅದಾದ ಮೇಲೆ."

ಅವನ ಫಲಿತಾಂಶದ ಕಾಗದ ನನ್ನ ಹತ್ರಾನೇ ಇತ್ತು. ಇನ್ನೊಬ್ಬರ ಫಲಿತಾಂಶ ಹೇಳೋ ಹಾಗಿಲ್ಲ, ನಾನು ಹೇಳಲೂ ಇಲ್ಲ. ನನ್ನ ಮುಖ ನೋಡಿ ನೂರಮ್ಮ ತಿಳ್ಕೊಂಡ್ರು. ಎಷ್ಟು ಜನ ಸತ್ತೋರ ಮುಖ ನೋಡಿದ ಹೆಂಗಸು, ಬದುಕಿರೋಳ ಮುಖ ಓದೋದು ಏನು ಕಷ್ಟ.

ಹೊರಗೆ ಟೆಂಪೋ ನಿಂತ ಸದ್ದಾಯ್ತು. ತೌಹೀದ್ ಒಳಗೆ ಬಂದ. ನಾನು ಎದ್ದು ನಿಂತು ಹೇಳಿದೆ, ನಿಮ್ಮ ರಕ್ತದಲ್ಲಿ ಗುರುತು ಇದೆ, ನಿಮಗೆ ಸೋಂಕು ಬಂದು ಹೋಗಿದೆ.

"ನನಗಾ?" ಅಂದ. "ಯಾವಾಗ?"

"ಯಾವಾಗ ಬಂತು, ಯಾರಿಂದ ಬಂತು ಅಂತ ರಕ್ತ ಹೇಳಲ್ಲ. ಬಂದಿತ್ತು ಅಂತ ಮಾತ್ರ ಹೇಳುತ್ತೆ."

ಅವನು ಹೊಸ್ತಿಲ ಮೇಲೆ ಕೂತುಬಿಟ್ಟ. ಹಣೆ ಮೇಲೆ ಕೈ ಇಟ್ಕೊಂಡ. ಅವನ ತಲೆ ಹಿಂದಕ್ಕೆ ಓಡ್ತಿರೋದು ನನಗೆ ಕಾಣ್ತಿತ್ತು. "ಆವಾಗ ನಾನು ಹುಬ್ಬಳ್ಳಿಗೆ..." ಅಂತ ಶುರು ಮಾಡಿದ. ಹೆಂಡ್ತಿ ಸತ್ತಾಗಿಂದ ಆ ಹುಡುಗ ನಿಂತಿದ್ದೇ ತಾಯಿ ಮೇಲಿನ ಸಿಟ್ಟಿನ ಆಸರೆಯಲ್ಲಿ. ಅದು ಅವನ ಕಾಲಡಿಯಿಂದ ಜಾರ್ತಾ ಇತ್ತು.

ನೂರಮ್ಮ ಅವನಿಗೆ ಮಾತು ಮುಗಿಸೋಕೆ ಬಿಡಲಿಲ್ಲ.

"ನನ್ನಿಂದಾನೇ ಬಂದಿದ್ದು ಬೇಟಾ. ಗುಸುಲಿಂದ ಬಂದ ರಾತ್ರಿ ನನಗೆ ಮೈ ಸುಡ್ತಿತ್ತು. ಹೇಳಲಿಲ್ಲ ನಾನು. ನಿನಗೂ ಕೊಟ್ಟೆ, ಅವಳಿಗೂ ಕೊಟ್ಟೆ."

ಅಷ್ಟೂ ಸುಳ್ಳು. ಒಂದು ದಿನ ಜ್ವರ ಬರಲಿಲ್ಲ ಅಂತ ಓಣಿಯ ಬಾಗಿಲು ಬಾಗಿಲಿಗೂ ಹೇಳ್ಕೊಂಡು ತಿರುಗಿದ ಬಾಯಿ ಅದು. ಕಲ್ಲಮ್ಮನ ಹತ್ರ ಕುರಾನ್ ಮೇಲೆ ಆಣೆ ಇಟ್ಟು ಹೇಳಿದ್ದ ಬಾಯಿ. ನಾನು ಅವರ ಕಡೆ ನೋಡಿದೆ. ಅವರು ನನ್ನ ಕಡೆ ನೋಡಲೇ ಇಲ್ಲ, ಮಗನ ಮೇಲೆ ಕಣ್ಣಿಟ್ಟಿದ್ರು.

ತೌಹೀದ್ ತಲೆ ಎತ್ತಿದ. ಎಷ್ಟೋ ತಿಂಗಳ ಮೇಲೆ ಮೊದಲ ಸಲ ತಾಯಿಯ ಮುಖ ನೋಡಿ ಮಾತಾಡಿದ. "ಜ್ವರ ಇತ್ತು ಅಂತ ಆವತ್ತೇ ಹೇಳಿದ್ರೆ ಅವಳನ್ನ ಮೊದಲೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೆ ಅಮ್ಮಿ. ಉಳೀತಿದ್ದಳು."

"ಹೌದು ಬೇಟಾ" ಅಂದ್ರು ನೂರಮ್ಮ. "ನನ್ನದೇ ತಪ್ಪು."

ಅವನು ಎದ್ದು ಹೋದ. ಟೆಂಪೋ ಹೋದ ಮೇಲೆ ನನ್ನ ಬಾಯಿ ಕಟ್ಟೆ ಒಡೆಯಿತು. "ಏನು ಮಾರಾಯ್ತಿ ನೀವು? ನಿಮಗೆ ಬುದ್ಧಿ ಗಿದ್ಧಿ ಇದೆಯಾ? ಮಾಡದ ತಪ್ಪನ್ನ ಯಾಕೆ ತಲೆ ಮೇಲೆ ಹೊತ್ಕೊಳ್ತೀರಿ? ಶಿವಮೊಗ್ಗಕ್ಕೆ ಬನ್ನಿ ನನ್ನ ಜೊತೆ. ಸರ್ವೆ ಬಿಡಿ, ಬೇರೆ ಲ್ಯಾಬಲ್ಲಿ ನಿಮ್ಮ ರಕ್ತದ ಟೆಸ್ಟು ನಾನೇ ಮಾಡಿಸ್ತೀನಿ. ಕಾಗದದಲ್ಲಿ ಬರೆಸಿ ಅವನ ಮುಖಕ್ಕೆ ಹಿಡೀತೀನಿ."

"ಬೇಡ ಬೇಟಿ. ನನಗೆ ಇನ್ನು ಗೊತ್ತಾಗೋದು ಬೇಡ."

"ನಿಮ್ಮ ರಕ್ತದಲ್ಲಿ ಇಲ್ಲ ಅಂತ ಬಂದ್ರೆ ನೀವು ಹಗುರ ಆಗ್ತೀರಲ್ಲ?"

"ನಾನು ಆಗ್ತೀನಿ" ಅಂದ್ರು. "ಅವನು?"

ತಟ್ಟೆ ತಳ್ಳಿ ಎದ್ದಿದ್ದು, ಅವಳು ಒಲೆ ಮುಂದೆ ಅತ್ತಿದ್ದು ಅವನಿಗೆ ನೆನಪಾಗಬಾರದು ಅಂದ್ರು. ಅದು ನೆನಪಾದ್ರೆ ನನ್ನ ಮಗ ಬದುಕಲ್ಲ, ನಾನು ಮುದುಕಿ, ತಡ್ಕೊಳ್ತೀನಿ ಅಂದ್ರು. ನಾನು ಅಳಬಾರದು ಅಂದ್ಕೊಂಡೆ, ಆಗಲಿಲ್ಲ. ನೂರಮ್ಮನೇ ನೀರು ತಂದುಕೊಟ್ರು. ಕುಡಿದು ಬಂದೆ.

ಮತ್ತೆ ನಾನು ಆ ಓಣಿಗೆ ಹೋಗಿದ್ದು ಎರಡನೇ ಅಲೆ ಏರ್ತಿದ್ದಾಗ, ರಂಜಾನ್ ತಿಂಗಳಲ್ಲಿ. ಈ ಸಲ ಮೂಗಿನ ಟೆಸ್ಟು. ನೂರಮ್ಮ ಬಾಗಿಲಲ್ಲಿ ನಿಂತು ಹಳೆ ಬಿಳಿ ಬಟ್ಟೆಗಳನ್ನ ಮಡಿಸಿ ಚೀಲಕ್ಕೆ ತುಂಬ್ತಾ ಇದ್ರು. ಅಲ್ಮಾಸ್ ಹೋದ ಮೇಲೆ ಬಿಟ್ಟಿದ್ದ ಕೆಲಸಕ್ಕೆ ಮತ್ತೆ ಹೋಗ್ತಿದ್ರು. ಯಾರೂ ಸಿಕ್ಕದೆ ಓಣಿಯವರೇ ಬಂದು ಕರೆದಿದ್ರಂತೆ. ಮುಖಕ್ಕೆ ಮಾಸ್ಕು, ಕೈಗೆ ಗ್ಲೌಸು ಕಲ್ಲಮ್ಮ ಕೊಟ್ಟಿದ್ದಳು.

"ನಿಮಗೆ ಹೆದರಿಕೆ ಆಗಲ್ವಾ?" ಅಂದೆ.

"ನನಗೆ ಒಂದು ಸಲ ಬಂದು ಹೋಗಿದೆಯಲ್ಲ" ಅಂದ್ರು. ನಗಲಿಲ್ಲ. ನಾನೂ ನಗಲಿಲ್ಲ.

ಆಮೇಲೆ ದನಿ ತಗ್ಗಿಸಿ ಹೇಳಿದ್ರು. ಮೊದಲ ರೋಜಾ ಉಪವಾಸದ ದಿನ ಸಂಜೆ ತೌಹೀದ್ ಬಂದು ಅವರ ಎದುರಿಗೆ ಚಾಪೆ ಮೇಲೆ ಕೂತನಂತೆ. ಅವರು ತಟ್ಟೆ ಇಟ್ರು. ಅವನು ಉಂಡ. ಉಂಡು ಕೈ ತೊಳ್ಕೊಂಡು, ನಾನು ನಿಮ್ಮನ್ನ ಮಾಫ್ ಮಾಡಿದೀನಿ ಅಮ್ಮಿ ಅಂದನಂತೆ.

ಮಾಡದ ತಪ್ಪಿಗೆ ಕ್ಷಮೆ. ಹೇಳ್ಲಾ ಬೇಡ್ವಾ ಅಂತ ನಾಲಿಗೆ ತುದಿಗೆ ಬಂದಿದ್ದನ್ನ ಅವರ ಮುಖ ನೋಡಿ ನುಂಗಿಕೊಂಡೆ. ಎಂಟು ತಿಂಗಳಾದ ಮೇಲೆ ಮಗ ಮನೆ ಅನ್ನ ಉಂಡಿದ್ದ. ಆ ತಾಯಿಗೆ ಅಷ್ಟು ಸಾಕಾಗಿತ್ತು.

"ನಿಮ್ಮ ಲೆಕ್ಕ ಬಂತಾ ಬೇಟಿ?" ಅಂತ ಕೇಳಿದ್ರು.

"ಬಂತು. ನಾವು ರಕ್ತ ತೆಗೆದ ಈ ಓಣಿಗಳಲ್ಲಿ ಮೂರು ಜನಕ್ಕೆ ಒಬ್ಬರಿಗೆ ಬಂದು ಹೋಗಿದೆ ಅಂತ ಅಂದಾಜು. ಹೆಚ್ಚಿನವರಿಗೆ ಬಂದಿದ್ದೇ ಗೊತ್ತಿಲ್ಲ. ಯಾರಿಂದ ಯಾರಿಗೆ ಅಂತ ದೇವರಿಗೇ ಗೊತ್ತು ನೂರಮ್ಮ, ಯಾರೂ ಯಾರನ್ನೂ ಬೈಯೋ ಹಾಗಿಲ್ಲ." ಅವರ ಮನಸ್ಸಿಗೆ ಸಮಾಧಾನ ಆಗ್ಲಿ ಅಂತ ಹೇಳಿದೆ.

ಅವರು ಚೀಲದ ಬಾಯಿ ಕಟ್ಟಿದ್ರು. "ಆ ಮೂರರಲ್ಲಿ ಒಬ್ಬರು ಅಂದ್ರಲ್ಲ, ಅದ್ರಲ್ಲಿ ನಾನು ಇದೀನಾ?"

"ನೀವು ರಕ್ತಾನೇ ಕೊಟ್ಟಿಲ್ವಲ್ಲಮ್ಮ. ಹೇಗೆ ಸೇರಿಸ್ಕೊಳ್ಳಲಿ?"

"ಸೇರಿಸ್ಕೊಳ್ಳಿ" ಅಂದ್ರು. "ಎಲ್ಲೂ ಬರೀಬೇಡಿ. ನನ್ನ ಮಗ ಯಾವತ್ತಾದ್ರೂ ಬಂದು ನಿಮ್ಮನ್ನ ಕೇಳಿದ್ರೆ, ನಿಮ್ಮ ತಾಯಿ ಆ ಲೆಕ್ಕದಲ್ಲಿ ಇದ್ದಾರೆ ಅಂತ ಹೇಳಿ. ಅಷ್ಟು ಮಾಡ್ತೀರಾ?"

ಅವರ ತೋಳು ನೋಡಿದೆ. ಇಷ್ಟು ವರ್ಷದ ಕೆಲಸದಲ್ಲಿ ಸೂಜಿ ಚುಚ್ಚದೆ ಬಿಟ್ಟ ಆ ಒಂದು ತೋಳು ನನಗೆ ಇವತ್ತಿಗೂ ನೆನಪಿದೆ. ಆಯ್ತು ನೂರಮ್ಮ ಅಂದೆ. ಅವರು ಚೀಲ ಹೆಗಲಿಗೆ ಹಾಕ್ಕೊಂಡು ಸತ್ತೋರ ಮನೆ ಕಡೆ ಹೋದ್ರು, ನಾನು ಟೆಸ್ಟಿನ ಡಬ್ಬಿ ಎತ್ಕೊಂಡು ಮುಂದಿನ ಬಾಗಿಲು ತಟ್ಟಿದೆ.